ಕೋಣಗುಡ್ಡಕ್ಕೆ ಆರು ಗಾಜು

ಹೋದ ಮಾಗಿಯಲ್ಲಿ ಮಗಳು ನನ್ನನ್ನು ಸೂಪಾ ಅಣೆಕಟ್ಟಿನ ಹಿನ್ನೀರಿಗೆ ಕರೆದುಕೊಂಡು ಹೋದಳು. ಗಾಡಿಯಿಂದ ಕಾಲು ಕೆಳಗಿಡುವ ಮೊದಲೇ ಸುಟ್ಟ ಹುಲ್ಲಿನ ವಾಸನೆ ಮೂಗಿಗೆ ಬಂತು. ಬೇಸಿಗೆಯ ಕಾಳ್ಗಿಚ್ಚು ದಾಟಿ ಬರಬಾರದೆಂದು ಅರಣ್ಯದವರು ಮೊದಲೇ ಅಲ್ಲಲ್ಲಿ ಪಟ್ಟಿ ಪಟ್ಟಿಯಾಗಿ ಹುಲ್ಲು ಸುಟ್ಟಿಡುತ್ತಾರೆ. ಆ ವಾಸನೆಯ ಒಳಗೆ ಹಸಿ ಎಲೆಯ ಒಗರು ಸ್ವಲ್ಪ ಉಳಿದಿರುತ್ತದೆ. ನಾನು ಗಾಡಿಯ ಬಾಗಿಲು ಹಿಡಿದುಕೊಂಡು ನಿಂತೇ ಇದ್ದೆ.

“ಅವ್ವಾ, ತಲಿ ತಿರಗಾಕತ್ತೈತೇನ?” ಎಂದಳು ಮಗಳು.

ತಲೆ ತಿರುಗಿರಲಿಲ್ಲ. ದಂಡೆಯ ಮೇಲೆ ಹೊಸದಾಗಿ ಮದುವೆಯಾದಂತೆ ಕಾಣುವ ಗಂಡ ಹೆಂಡತಿ ಟವೆಲ್ ಹಾಸಿ, ಅದರ ಮೇಲೆ ಕ್ಯಾಮೆರಾದ ಸಾಮಾನೆಲ್ಲ ಹರವಿಕೊಂಡು ಜಗಳಾಡುತ್ತಿದ್ದರು.

“ಈ ಲೆನ್ಸಿನಾಗ ಗುಡ್ಡಾ ಇಲಿಮರಿ ಹಂಗ ಕಾಣತೈತಿ ನೋಡ್ರಿ. ದೊಡ್ಡದು ತರೂಣು ಅಂದ್ರ, ಹೊರಾವ್ರು ಯಾರು ಅಂದ್ರಿ,” ಎನ್ನುತ್ತಿದ್ದಳು ಅವಳು.

“ಹೊರಾಂವ ನಾನ ಅಲ್ಲೇನ ಮತ್ತ?” ಎಂದ ಅವನು.

ನನಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಇದೇ ಜಗಳವನ್ನು ಇದೇ ಗುಡ್ಡಕ್ಕಾಗಿ ಐವತ್ತು ವರ್ಷಗಳ ಹಿಂದೆ ನಾವಿಬ್ಬರೂ, ನಾನೂ ನನ್ನ ಗಂಡನೂ, ಆಡಿದ್ದೆವು. ಆ ಗುಡ್ಡ ಎದುರಿಗೇ ಇತ್ತು. ಊರವರು ಅದನ್ನು ಕೋಣಗುಡ್ಡ ಎನ್ನುತ್ತಿದ್ದರು. ಕಾಡುಕೋಣದ ಹಾಗೆ ಎತ್ತರದ ಹೆಗಲು, ಅದರ ಮುಂದೆ ಕುತ್ತಿಗೆಯ ತಗ್ಗು, ಆಮೇಲೆ ಸಣ್ಣ ತಲೆ. ಈಗ ನೀರು ಅದರ ಹೊಟ್ಟೆಯವರೆಗೆ ಬಂದು, ಕುಡಿಯಲು ಇಳಿದ ಕೋಣ ಏಳುವುದನ್ನು ಮರೆತು ನಿಂತ ಹಾಗೆ ಕಾಣುತ್ತಿತ್ತು.

ಅದು ಎರಡನೆಯ ಮಹಾಯುದ್ಧದ ಲಡಾಯಿಯ ಕಾಲ. ಇವರು ದಾಂಡೇಲಿಯ ಅರಣ್ಯ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಮದುವೆಯಾಗಿ ಎರಡನೆಯ ವರ್ಷ. ಅಂಬೇವಾಡಿಯ ಕಡೆ ನಮಗೊಂದು ಹಂಚಿನ ಮನೆ. ನಮ್ಮಪ್ಪ ರೈಲ್ವೆಯಲ್ಲಿದ್ದರು, ಊರೂರು ತಿರುಗುವ ಕೆಲಸವೆಂದು ನನ್ನನ್ನು ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬಿಟ್ಟು ಓದಿಸಿದ್ದರು. ಹೀಗಾಗಿ ಗಂಡನ ಮನೆಯಲ್ಲಿ ನಾನು ‘ಇಂಗ್ಲೀಷಿನ ಸೊಸೆ’. ಇಂಗ್ಲಿಷಿನ ಕಾಗದ ಎಲ್ಲಿಂದ ಬಂದರೂ, ಔಷಧದ ಬಾಟಲಿಯ ಮೇಲಿನ ಚೀಟಿಯಾದರೂ, ಓದುವ ಕೆಲಸ ನನ್ನದು. ಅದರಲ್ಲಿ ನನಗೆ ಒಂದಿಷ್ಟು ಹೆಮ್ಮೆಯೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಅತ್ತೆಯವರು ಮುಂಡಗೋಡದ ಹತ್ತಿರ ಪಾಳಾದಲ್ಲಿ, ದೊಡ್ಡ ಮಗನ ಮನೆಯಲ್ಲಿದ್ದರು. ಅವರ ತವರು ಜೋಯಿಡಾ ಕಡೆಯ ಒಂದು ಪುಟ್ಟ ಹಳ್ಳಿ, ಕೋಣಗುಡ್ಡದ ಬುಡಕ್ಕೇ ಅಂಟಿಕೊಂಡಂಥದ್ದು. ಆ ವರ್ಷ ದಸರೆಗೆ ಪಾಳಾಕ್ಕೆ ಹೋದಾಗ ಅತ್ತೆಯ ಹಣೆಯ ಕುಂಕುಮ ನಡುವಿನಿಂದ ಸರಿದು ಹುಬ್ಬಿನ ಮೇಲೆ ಕೂತಿರುವುದನ್ನು ಕಂಡೆ. ಉಪ್ಪಿನ ಭರಣಿಯನ್ನು ಕೈಯಿಂದ ತಡಕಿ ಹುಡುಕುತ್ತಿದ್ದರು. ನಾನು ಒಳಗೆ ಬಂದರೆ ಬಳೆಯ ಸದ್ದಿಗೆ ಮುಖ ತಿರುಗಿಸುತ್ತಿದ್ದರು. ಎರಡೂ ಕಣ್ಣಿಗೆ ಪೊರೆ. ಹುಬ್ಬಳ್ಳಿಯ ಡಾಕ್ಟರು, ಪೊರೆ ಹಣ್ಣಾದ ಮೇಲೆ ಕೊಯ್ಯಬಹುದು ಎಂದಿದ್ದರಂತೆ. “ಕಣ್ಣಿಗೆ ಕತ್ತಿ ಹಚ್ಚಿಸ್ಕೊಳ್ಳೂದಿಲ್ಲ ನಾ. ಇದ್ದಷ್ಟು ದಿನಾ ಇರಲಿ,” ಎಂದು ಅತ್ತೆ ಅಲ್ಲಿಗೇ ಮುಗಿಸಿಬಿಟ್ಟಿದ್ದರು.

ಹೊರಡುವ ದಿನ ಇವರ ಕೈ ಹಿಡಿದುಕೊಂಡು, “ಏನೂ ಬ್ಯಾಡಪಾ ನನಗ. ಕಣ್ಣಾಗ ಬೆಳಕು ಇರೂದ್ರಾಗ ಕೋಣಗುಡ್ಡಾ ಒಂದು ಸಲ ನೋಡಬೇಕಾಗಿತ್ತು,” ಎಂದರು.

ಕರೆದುಕೊಂಡು ಹೋಗುವಂತಿರಲಿಲ್ಲ. ಮಂಡಿ ಮಡಚಿದರೆ ಬಿಡಿಸುವುದಕ್ಕೆ ಇಬ್ಬರು ಬೇಕು. ಆ ಕಾಡುಹಾದಿಯಲ್ಲಿ ಚಕ್ಕಡಿಯ ಕುಲುಕಾಟವನ್ನು ಎಲುಬು ತಡೆಯುತ್ತಿರಲಿಲ್ಲ. ದಾಂಡೇಲಿಗೆ ಬಂದ ಮೇಲೆ ಇವರು ಹೇಳಿದರು: “ಹ್ವಾದ ವರ್ಷ ಕಚೇರಿ ನಕ್ಷಾ ಒಯ್ದು ತೋರಿಸಿದ್ದೆ. ಬೆರಳಿಟ್ಟು ‘ಇದ ನೋಡವ್ವಾ ನಿನ್ನ ಗುಡ್ಡಾ’ ಅಂದೆ. ‘ಹುಳಾ ತಿಂದ ಎಲಿ ಇದ್ದಂಗ ಐತಲ್ಲೋ’ ಅಂದ್ಲು.”

“ಹಂಗಾದ್ರ ಫೋಟೋ ತಗೀರಿ,” ಎಂದೆ.

ಹಾಗೆ ಶುರುವಾಯಿತು. ಮಳೆ ತೊಳೆದುಬಿಟ್ಟ ಗಾಳಿ ದೀಪಾವಳಿಯ ಆಚೀಚೆ ನಾಲ್ಕು ವಾರ ಮಾತ್ರ ಇರುತ್ತದೆ. ಆಮೇಲೆ ಬೆಳಗಿನ ಮಂಜು. ಶಿವರಾತ್ರಿ ಬಂತೆಂದರೆ ಹೊಗೆ, ಧೂಳು, ಗುಡ್ಡಗಳೆಲ್ಲ ಕಂಬಳಿ ಹೊದ್ದುಕೊಂಡುಬಿಡುತ್ತವೆ. ಅತ್ತೆಯ ಕಣ್ಣು ಇನ್ನೊಂದು ಮಳೆಗಾಲ ಕಾಯುವಂತಿರಲಿಲ್ಲ.

ಬೆಳಗಾವಿಯ ಸ್ಟುಡಿಯೋ ಮಾಲೀಕರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಅವರು ಗಾಜಿನ ಕಪಾಟಿನಿಂದ ಒಂದು ಮಡಚುವ ಕ್ಯಾಮೆರಾ ತೆಗೆದು ಇವರ ಕೈಗೆ ಕೊಟ್ಟರು. ಪುಸ್ತಕದಂತೆ ಬಿಚ್ಚಿದರೆ ಒಳಗಿನಿಂದ ಪುಟ್ಟ ಬಾಜಾಪೆಟ್ಟಿಗೆಯ ತಿದಿ ಹೊರಬರುತ್ತಿತ್ತು. ಅಂಗಿಯ ಕಿಸೆಯಲ್ಲಿ ಹಿಡಿಸುವಷ್ಟು. ಇವರು ಅದನ್ನು ನಾಲ್ಕು ಸಲ ಬಿಚ್ಚಿದರು, ನಾಲ್ಕು ಸಲ ಮುಚ್ಚಿದರು. ಮುಚ್ಚುವಾಗ ಬರುವ ‘ಟಿಕ್’ ಸದ್ದಿಗೆ ಅವರ ಹೆಬ್ಬೆರಳು ಸೋತುಹೋಗಿತ್ತು. ಭಾನುವಾರ ಭಾನುವಾರ ಕಾಡು ತಿರುಗುವವರಿಗೆ ಇದಕ್ಕಿಂತ ಇನ್ನೇನು ಬೇಕು?

ನಾನು ಕಾಕಾ ಅವರಿಗೆ ಒಂದೇ ಮಾತು ಕೇಳಿದೆ. “ಇದರಾಗ ತಗದ ಚಿತ್ರ ಎಷ್ಟು ದೊಡ್ಡದಾಗತೈತ್ರಿ?”

“ಇಸ್ಪೀಟ್ ಎಲಿ ಅರ್ಧಾ ಮಾಡ್ರಿ, ಅಷ್ಟು. ಹಿಗ್ಗಿಸೋ ಯಂತ್ರ ಇಲ್ಲಿ ಯಾರ ಹಂತ್ಯಾಕೂ ಇಲ್ಲ ವಹಿನಿ. ಕ್ಯಾಮೆರಾದಾಗ ಚಿತ್ರ ಮೂಡೂ ಗಾಜು ಎಷ್ಟೋ, ಹಾಳಿ ಮ್ಯಾಲಿನ ಚಿತ್ರಾನೂ ಅಷ್ಟ.”

ನಾನು ಇವರ ತೋಳು ಮುಟ್ಟಿ ಮೆಲ್ಲಗೆ ಹೇಳಿದೆ: “ಕೇಳಿದ್ರಲ್ಲ? ಅತ್ತಿ ಕಣ್ಣಿಗೆ ಅರ್ಧಾ ಇಸ್ಪೀಟ್ ಎಲಿ ಎಲ್ಲಿ ಕಾಣಬೇಕು? ನಿಮ್ಮ ಕಚೇರಿ ಉಗ್ರಾಣದಾಗ ಆ ಕಟಗಿ ಕ್ಯಾಮೆರಾ ಬಿದ್ದೈತಲ್ಲ.”

“ಅದು ಒಂದು ಕರುವಿನಷ್ಟು ಭಾರ ಐತಿ! ಗುಡ್ಡಾ ಹತ್ತಾವ್ರು ಯಾರು?”

“ನಾನೂ ಬರ್ತೇನಿ. ಅರ್ಧಾ ನಾ ಹೊರ್ತೇನಿ.”

ಇವರು ಇನ್ನೊಂದು ಸಲ ‘ಟಿಕ್’ ಎನ್ನಿಸಿ ಆ ಕ್ಯಾಮೆರಾವನ್ನು ಕಪಾಟಿನ ಮೇಲಿಟ್ಟರು. ಇಡುವಾಗ ಅದರ ಚರ್ಮದ ಮೇಲಿದ್ದ ತಮ್ಮ ಬೆವರಿನ ಗುರುತನ್ನು ಅಂಗಿಯ ತೋಳಿನಿಂದ ಒರೆಸಿದರು. ಅದನ್ನು ನಾನು ನೋಡಿದೆ.

ಉಳಿದದ್ದನ್ನೆಲ್ಲ ಕಾಕಾ ಹೇಳಿಕೊಟ್ಟರು. ಅಗಲಕ್ಕೆ ಕಾಣುವ ಲೆನ್ಸು ಮದುವೆಯ ಗುಂಪಿಗೆ ಸರಿ, ಗುಡ್ಡಕ್ಕೆ ಬೇಡ. ಇದ್ದ ಗುಡ್ಡವೂ ದೂರ ಓಡುತ್ತದೆ. ಲೆನ್ಸಿನ ಮುಂದೆ ಹಳದಿ ಗಾಜು ಹಾಕಿ. ದೂರದ ನೀಲಿ ಮಬ್ಬು ಹರಿಯುತ್ತದೆ, ಮೋಡ ಎದ್ದು ಕಾಣುತ್ತದೆ. ಚಿತ್ರ ಮೂಡುವ ಗಾಜಿನ ಪ್ಲೇಟು ಮಾತ್ರ ಹೊಸ ನಮೂನೆಯದೇ ಆಗಬೇಕು. “ಹಳೇ ಪ್ಲೇಟು ಕೆಂಪು ಬಣ್ಣಕ್ಕ ಕುರುಡ. ಇವಕ್ಕ ಎಲ್ಲಾ ಬಣ್ಣಾನೂ ಕಾಣತಾವು, ಕೆಂಪೂ ಕಾಣತೈತಿ. ಲಡಾಯಿ ಸಲುವಾಗಿ ಮಾಲು ಬರೂದ ನಿಂತೈತಿ. ಆರು ಕೊಡ್ತೇನಿ. ಏಳನೇದು ಕೇಳಬ್ಯಾಡ್ರಿ,” ಎಂದು ಕಪ್ಪು ಕಾಗದದಲ್ಲಿ ಸುತ್ತಿದ ಆರು ಗಾಜಿನ ಪ್ಲೇಟು, ಒಂದು ಇಂಗ್ಲಿಷ್ ಕಾಗದ, ಚಿತ್ರ ಅಚ್ಚೊತ್ತುವ ಒಂದೇ ಒಂದು ಹಾಳೆ ಕೊಟ್ಟರು. ಕೆಂಪೂ ಕಾಣುತ್ತದೆ ಎಂದು ಅವರು ನನ್ನ ಮುಖ ನೋಡಿಯೇ ಹೇಳಿದ್ದರು.

ಉಗ್ರಾಣದ ಕ್ಯಾಮೆರಾ ಹಿಂದೆಂದೋ ವರ್ಗವಾಗಿ ಹೋದ ಒಬ್ಬ ಸಾಹೇಬರದು. ತೇಗದ ಕಟ್ಟಿಗೆ, ಹಿತ್ತಾಳೆಯ ಮೂಲೆ. ತಿದಿಯ ಚರ್ಮಕ್ಕೆ ಮಳೆಗಾಲದ ಬೂಸು ಹಿಡಿದಿತ್ತು. ಒಳಗೆ ದೀಪ ಇಟ್ಟು ನೋಡಿದರೆ ಸೂಜಿಮೊನೆಯಂಥ ತೂತುಗಳು ನಕ್ಷತ್ರದ ಹಾಗೆ ಹೊಳೆದವು. ಹಳೆಯ ಕೊಡೆಯ ಅರಿವೆ ಕತ್ತರಿಸಿ, ಗೋಂದು ಹಚ್ಚಿ ಒಂದೊಂದನ್ನೇ ಮುಚ್ಚಿದೆ. ಅದರ ಮೂರು ಕಾಲಿನ ಸ್ಟ್ಯಾಂಡು ಮಾತ್ರ ಗೆದ್ದಲಿನ ಪಾಲಾಗಿತ್ತು.

ಹಳಿಯಾಳದ ಇಮಾಮಸಾಬರು ಸ್ಟವ್, ಕಂದೀಲು, ಸೈಕಲ್ಲು ಎಲ್ಲವನ್ನೂ ರಿಪೇರಿ ಮಾಡುತ್ತಿದ್ದ ಕೈ. ಬಿಳಿಗಡ್ಡಕ್ಕೆ ಮದರಂಗಿ ಹಚ್ಚಿ ಕೆಂಪು ಮಾಡಿಕೊಂಡಿದ್ದರು. ಅವರು ಬಲಿತ ಬಿದಿರಿನ ಮೂರು ಕಾಲು ಕೊಯ್ದು, ತುದಿಗೆ ಕಬ್ಬಿಣದ ಮೊಳೆ ಕೂರಿಸಿದರು.

“ಇನ್ನೊಂದು ಕಾಲು ಹಚ್ಚಿದ್ರ ಗಟ್ಟಿ ಆಗತಿತ್ತಲ್ಲ, ಇಮಾಮಸಾಬ?” ಎಂದರು ಇವರು.

“ನಾಕು ಕಾಲಿನ ಮಂಚ ಅಳ್ಳಾಡತೈತಿ, ಸಾಹೇಬ್ರ. ಮೂರು ಕಲ್ಲಿನ ಒಲಿ ಎಂದರ ಅಳ್ಳಾಡಿದ್ದು ನೋಡೀರೇನು? ಬಾಯಾರನ್ನ ಕೇಳ್ರಿ, ಒಲಿ ಮುಂದ ಕುಂದ್ರಾವ್ರು ಅವ್ರು.”

ಆಮೇಲೆ ಅದರ ತಲೆಯ ಮೇಲೆ ಬಾಯ್ತನಕ ನೀರು ತುಂಬಿದ ತಂಬಿಗೆ ಇಟ್ಟು, ಪಕ್ಕದಲ್ಲಿ ನೆಲಕ್ಕೆ ಸುತ್ತಿಗೆಯಿಂದ ಬಡಿದರು. ನೀರು ನಡುಗಿತು, ಒಂದು ಹನಿಯೂ ಚೆಲ್ಲಲಿಲ್ಲ. “ಗಾಳಿ ಬಿಟ್ರ ನಡುವ ಒಂದು ಚೀಲಾ ಕಟ್ಟಿ ಅದರಾಗ ಕಲ್ಲು ತುಂಬ್ರಿ. ಅಲ್ಲಾಹನ ಗುಡ್ಡಾ ಅಳ್ಳಾಡೀತು, ಇದು ಅಳ್ಳಾಡೂದಿಲ್ಲ,” ಎಂದರು.

ನಾನು ಅವರಿಂದ ಇನ್ನೊಂದು ಸಾಮಾನು ಮಾಡಿಸಿಕೊಂಡೆ: ಕೆಂಪು ಕಂದೀಲು. ಕಾನ್ವೆಂಟಿನಲ್ಲಿ ಸಿಸ್ಟರ್ ಬೆನೆಡಿಕ್ಟಾ ಎಂಬುವವರಿಗೆ ಫೋಟೋದ ಹುಚ್ಚು ಇತ್ತು. ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಹಚ್ಚಿ ಅವರು ಚಿತ್ರ ಮೂಡಿಸಲು ಪ್ಲೇಟನ್ನು ಮದ್ದಿನ ನೀರಿನಲ್ಲಿ ತೊಳೆಯುವಾಗ ಪಕ್ಕದಲ್ಲಿ ನಿಂತು ತಟ್ಟೆ ಅಲುಗಾಡಿಸುತ್ತಿದ್ದವಳು ನಾನು. ಬಿಳಿ ಬೆಳಕು ತಾಗಿದರೆ ಪ್ಲೇಟು ಕೆಡುತ್ತದೆ, ಕೆಂಪು ಬೆಳಕು ಅದಕ್ಕೆ ಏನೂ ಮಾಡುವುದಿಲ್ಲ ಎಂದು ಅವರು ಹೇಳಿದ್ದು ಜಪಮಾಲೆಯ ಹಾಗೆ ಬಾಯಿಗೆ ಬರುತ್ತಿತ್ತು. ಇಮಾಮಸಾಬರು ರೈಲಿನ ಗಾರ್ಡಿನ ಒಡೆದ ಕಂದೀಲಿನಿಂದ ಕೆಂಪು ಗಾಜು ಹುಡುಕಿ, ಒಂದಿಷ್ಟೂ ಬಿಳಿ ಬೆಳಕು ಸೋರದ ಹಾಗೆ ತಗಡು ಬೆಸೆದು ಕೊಟ್ಟರು.

ಹೊರಡುವ ಹಿಂದಿನ ದಿನ ಪ್ಲೇಟಿನ ಜೊತೆ ಬಂದ ಕಾಗದವನ್ನು ಇವರಿಗೆ ಓದಿ ಅರ್ಥ ಹೇಳಿದೆ. ಯಾವ ಪುಡಿ ಎಷ್ಟು, ನೀರು ಎಷ್ಟು, ಎಷ್ಟು ಹೊತ್ತು ಎಲ್ಲ ಓದಿದೆ. ನಡುವೆ ‘ಕತ್ತಲೆ ಕೋಣೆಯ ದೀಪ’ ಎಂದು ಎರಡು ಸಾಲು ಇದ್ದವು. “ಇದು ದೀಪದ್ದು, ನನಗ ಗೊತ್ತೈತಿ,” ಎಂದು ದಾಟಿಸಿ ಮುಂದಿನದಕ್ಕೆ ಹೋದೆ.

ಮಧ್ಯಾಹ್ನ ಕಟ್ಟಿಗೆ ಒಟ್ಟುವ ಕೋಣೆಯ ಬಾಗಿಲಿಗೆ ಎರಡು ಕಂಬಳಿ ಕಟ್ಟಿ, ಕೆಂಪು ಕಂದೀಲು ಹಚ್ಚಿಕೊಂಡು ಕೂತೆ. ಪ್ಲೇಟುಗಳನ್ನು ತೆಳ್ಳನೆಯ ಕಟ್ಟಿಗೆಯ ಸ್ಲೈಡುಗಳಲ್ಲಿ ತುಂಬಬೇಕು. ಒಂದೊಂದು ಸ್ಲೈಡಿಗೆ ಎರಡು, ಮೂರು ಸ್ಲೈಡಿಗೆ ಆರು. ಮದ್ದು ಬಳಿದ ಮಗ್ಗುಲು ಹೊರಗೆ ಬರಬೇಕು. ಆ ಕೆಂಪು ಬೆಳಕಿನಲ್ಲಿ ಪ್ಲೇಟು ಹಸಿ ಬೆಣ್ಣೆಯ ಹಾಗೆ ಕಾಣುತ್ತಿತ್ತು. ನಾನು ಅವಸರ ಮಾಡಲಿಲ್ಲ. ಒಂದೊಂದನ್ನೂ ಕಂದೀಲಿನ ಹತ್ತಿರ ಹಿಡಿದು, ಧೂಳಿನ ಕಣ ಇದೆಯೋ ಎಂದು ನೋಡಿ, ಮೆತ್ತನೆಯ ಕುಂಚದಿಂದ ಒರೆಸಿ ಇಟ್ಟೆ. ಐದು ತುಂಬಿದ್ದವು. ಆರನೆಯದರ ಕಾಗದ ಬಿಚ್ಚುವ ಮೊದಲೇ ಕಂದೀಲು ಎರಡು ಸಲ ಮಿಣುಕಿ ಆರಿತು. ಚಿಮಣಿ ಎಣ್ಣೆಗೆ ಆಗ ಕೂಪನ್ನು, ಇದ್ದದ್ದೇ ಅಷ್ಟು. ನೆರೆಮನೆಯಲ್ಲಿ ಕೇಳೋಣವೆಂದರೆ ಅವರದೂ ಅದೇ ಪಾಡು. ಕೊನೆಯ ಪ್ಲೇಟನ್ನು ಕುರುಡುಗೈಯಲ್ಲೇ ತುಂಬಿದೆ. ಸಿಸ್ಟರ್ ಹೇಳಿಕೊಟ್ಟ ಹಾಗೆ ಅದರ ಒಂದು ಮೂಲೆಯನ್ನು ತುಟಿಗೆ ಮುಟ್ಟಿಸಿ, ಅಂಟಿದ ಮಗ್ಗುಲೇ ಮದ್ದಿನದು ಎಂದು ಗೊತ್ತುಮಾಡಿಕೊಂಡೆ. ಆ ತಣ್ಣನೆಯ, ಸ್ವಲ್ಪ ಉಪ್ಪುಪ್ಪು ರುಚಿ ಈಗಲೂ ತುಟಿಯ ಮೇಲಿದೆ. ಒಂದು ಪ್ಲೇಟು ಕತ್ತಲಲ್ಲಿ ಕೆಟ್ಟಿತೇನೋ ಎಂದು ಸಂಜೆಯೆಲ್ಲ ಮನಸ್ಸಿಗೆ ಕಿರಿಕಿರಿ.

ದಾಂಡೇಲಿಯಿಂದ ಜೋಯಿಡಾದ ತನಕ ಬಿದಿರು ತರಲು ಹೋಗುವ ಲಾರಿ ಸಿಕ್ಕಿತು. ಪೆಟ್ರೋಲಿಲ್ಲದ ದಿನಗಳು, ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಿಂದಲೇ ಓಡುವ ಲಾರಿ. ಏರು ಬಂದಾಗ ಎಲ್ಲರೂ ಇಳಿದು ನಡೆಯಬೇಕು. ಕ್ಯಾಮೆರಾ ಇವರ ಬೆನ್ನಿಗೆ, ಸ್ಲೈಡಿನ ಚೀಲ ನನ್ನ ಸೊಂಟಕ್ಕೆ. ಆಮೇಲೆ ಕಾಲುದಾರಿ. ಹಳ್ಳಿಯಲ್ಲಿ ಅತ್ತೆಯ ತಮ್ಮ, ಇವರ ಸೋದರಮಾವ, ನಮ್ಮನ್ನು ಕಂಡು ಮೊದಲು ಬಿದಿರಿನ ಕಾಲುಗಳನ್ನು ನೋಡಿ, “ಅರೇ ದೇವಾ! ಗುಡ್ಡಾ ಅಳತಿ ಮಾಡಾಕ ಬಂದೀರೇನು? ಇದ್ದಷ್ಟೂ ಅಳದು ನಿಮ್ಮ ಸರಕಾರ ಒಯ್ದಾತಲ್ಲೋ,” ಎಂದರು. ತಮಾಷೆಯೇ. ಆದರೂ ಇವರ ಮುಖ ಸಣ್ಣದಾಯಿತು.

ಮರುದಿನ ಬೆಳಗಿನ ಜಾವಕ್ಕೇ ಹೊರಟು ಎದುರಿನ ದಿಬ್ಬ ಹತ್ತಿದೆವು. ಮಂಜು ಕೆಳಗೆ ಕಣಿವೆಯಲ್ಲಿ ಹಾಲಿನ ಹಾಗೆ ಉಳಿದು, ಕೋಣಗುಡ್ಡ ಅದರಿಂದ ಎದ್ದು ನಿಂತಿತ್ತು. ಕಪ್ಪು ಬಟ್ಟೆ ಹೊದ್ದು ಕ್ಯಾಮೆರಾದ ಹಿಂದಿನ ಮಬ್ಬು ಗಾಜಿನಲ್ಲಿ ನೋಡಿದೆ. ಅಷ್ಟು ದೊಡ್ಡ ಗುಡ್ಡ ತಲೆಕೆಳಗಾಗಿ, ಅಂಗೈಯಗಲ, ಬಣ್ಣದ ಸಮೇತ ಅಲ್ಲಿ ತೂಗುತ್ತಿತ್ತು. ಹೊರಗೆ ಬರುವ ಮನಸ್ಸೇ ಆಗಲಿಲ್ಲ. “ನನಗೂ ತುಸು ತೋರ್ಸವಾ, ನೀ ಒಬ್ಬಾಕೇ ನುಂಗಬ್ಯಾಡ,” ಎಂದು ಇವರೂ ಬಟ್ಟೆಯೊಳಗೆ ತಲೆ ಹಾಕಿದರು. ಇಬ್ಬರ ಉಸಿರಿಗೆ ಗಾಜು ಮಂಜಾಯಿತು. ಮಾವ ಆಚೆ ಕೂತು ಎಲೆ ಅಡಿಕೆ ಅಗಿಯುತ್ತ ಕೆಮ್ಮಿದರು.

ಆ ಕ್ಯಾಮೆರಾಕ್ಕೆ ಗುಂಡಿ ಇಲ್ಲ. ಲೆನ್ಸಿನ ಟೊಪ್ಪಿಗೆ ತೆಗೆದು, ಎಣಿಸಿ, ಮತ್ತೆ ಮುಚ್ಚಬೇಕು. ಸಿಸ್ಟರ್ ಬೆನೆಡಿಕ್ಟಾ ‘ಹೇಲ್ ಮೇರಿ’ ಪ್ರಾರ್ಥನೆಯ ಮಾತಿನಿಂದ ಎಣಿಸುತ್ತಿದ್ದರು. ನನಗೂ ಅದೇ ರೂಢಿ. “ನಮ್ಮ ಗುಡ್ಡದ ದೇವ್ರಿಗೆ ನಿಮ್ಮ ಮೇರಿ ತಾಯಿ ಲೆಕ್ಕಾ ತಿಳಿತೈತೋ ಇಲ್ಲೋ!” ಎಂದು ಇವರು ನಕ್ಕರು. ಗಾಳಿ ಬಂದಾಗ ಚೀಲಕ್ಕೆ ಕಲ್ಲು ತುಂಬಿದೆವು. ಮಂಜಿನ ಜೊತೆ ಒಂದು, ಮಂಜು ಹರಿದ ಮೇಲೆ ಎರಡು, ಮೋಡದ ನೆರಳು ಹೆಗಲ ಮೇಲೆ ಬಿದ್ದಾಗ ಎರಡು. ಐದಾದವು. ಇವರ ಮುಖದಲ್ಲಿ ನಾನು ಅಂಥ ನೆಮ್ಮದಿ ಮತ್ತೆ ಕಂಡದ್ದು ಕಡಿಮೆ.

ಆರನೆಯದನ್ನು ಸಂಜೆ ಹಳ್ಳಿಗೆ ಇಳಿದ ಮೇಲೆ, ಬಾವಿಯ ಹತ್ತಿರ ತೆಗೆದೆವು. ಅತ್ತೆ ಹುಡುಗಿಯಾಗಿದ್ದಾಗ ನೀರು ಸೇದುತ್ತಿದ್ದದ್ದು ಅಲ್ಲಿಂದ. ಗುಡ್ಡವನ್ನು ದಿನಾ ನೋಡಿದ್ದೂ ಅಲ್ಲಿಂದಲೇ ಅಲ್ಲವೇ ಎಂದೆ ನಾನು. “ಬೆಳಕು ಸಾಲೂದಿಲ್ಲ. ಆದ್ರೂ ಉಳದದ್ದು ಒಂದ ಐತಿ, ತಗಿ,” ಎಂದರು ಇವರು. ಮಾವ ತಾವೂ ಚಿತ್ರದಲ್ಲಿ ಬರಬೇಕೆಂದು ತೊಳೆದ ಬಿಳಿ ಧೋತರ ಉಟ್ಟು ಬಂದರು. ಬಂದವರು ಮೊದಲು ಕಪ್ಪು ಬಟ್ಟೆಯೊಳಗೆ ಇಣುಕಿ ಹೌಹಾರಿಬಿಟ್ಟರು.

“ಅಯ್ಯಯ್ಯ! ನಮ್ಮ ಗುಡ್ಡಾ ತಲಿಕೆಳಗ ಮಾಡಿಟ್ಟೀರಲ್ಲೋ! ಬಾವಿನೂ ಡಬ್ಬ ಬಿದ್ದೈತಿ. ನೀರೆಲ್ಲಾ ಚೆಲ್ಲಿ ಊರ ಮುಳಗತೈತಿ, ಲಗೂ ಸೀದಾ ಮಾಡ್ರಿ!”

ನಕ್ಕು ನಕ್ಕು ಸಾಕಾಗಿ ಲೆನ್ಸಿನ ಟೊಪ್ಪಿಗೆ ತೆಗೆದೆ. ಬೆಳಕು ಇಳಿದಿದ್ದರಿಂದ ಪ್ರಾರ್ಥನೆಯ ಮೊದಲ ಸಾಲಿಡೀ ಎಣಿಸಬೇಕಾಯಿತು. ಅಷ್ಟರಲ್ಲಿ ಮಾವ ಎಮ್ಮೆಯೊಂದನ್ನು ಗದರಲು ಬಗ್ಗಿ, ಮತ್ತೆ ಎದ್ದು ನಿಂತರು.

ದಾಂಡೇಲಿಗೆ ಬಂದ ಮೂರನೆಯ ದಿನ, ಮಧ್ಯಾಹ್ನ, ಅದೇ ಕಟ್ಟಿಗೆ ಕೋಣೆ. ಎಣ್ಣೆ ತುಂಬಿದ ಅದೇ ಕಂದೀಲು. ಮೂರು ಪಿಂಗಾಣಿ ತಟ್ಟೆ. ಮೊದಲ ಪ್ಲೇಟು ಮದ್ದಿನ ನೀರಿನಲ್ಲಿ ಮುಳುಗಿತು. ಮೆಲ್ಲಗೆ ಆಕಾಶ ಬರಬೇಕು, ಆಮೇಲೆ ಗುಡ್ಡದ ಅಂಚು. ಅದು ಬರಲಿಲ್ಲ. ಪ್ಲೇಟಿಡೀ ಒಂದೇ ಸಲಕ್ಕೆ ಬೂದಿಯಾಗಿ, ನೋಡನೋಡುತ್ತ ಹೊತ್ತಿದ ರೊಟ್ಟಿಯ ಹಾಗೆ ಕಪ್ಪಾಯಿತು. ಎರಡನೆಯದೂ ಹಾಗೇ. ತಿದಿಯ ತೂತು ಸೋರಿತೇನೋ ಎಂದುಕೊಂಡು ಮೂರನೆಯದನ್ನು ಹಾಕಿದೆ. ಅದೂ ಕಪ್ಪಾದಾಗ ನನ್ನ ಕಿವಿಯಲ್ಲಿ ಕಾಕಾ ಅವರ ಮಾತು ಕೇಳಿಸಿತು. ಕೆಂಪೂ ಕಾಣತೈತಿ.

ಹೊರಗೆ ಬಂದು ಆ ಕಾಗದ ತೆಗೆದು ದಾಟಿಸಿದ ಎರಡು ಸಾಲು ಓದಿದೆ. ಈ ಪ್ಲೇಟಿಗೆ ಕೆಂಪು ದೀಪ ಕೂಡದು, ತುಂಬುವಾಗಲೂ ತೊಳೆಯುವಾಗಲೂ ಪೂರ್ತಿ ಕತ್ತಲೆ ಇರಬೇಕು ಎಂದು ದಪ್ಪ ಅಕ್ಷರದಲ್ಲಿತ್ತು. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನು. ಓದಲು ಬಾರದ್ದೇನೂ ಅದರಲ್ಲಿರಲಿಲ್ಲ, ಗೊತ್ತಿದೆ ಎಂದು ಓದದೆ ಬಿಟ್ಟಿದ್ದೆ.

ಇವರು ಕಚೇರಿಯಿಂದ ಬಂದಾಗ ಬಾಗಿಲಲ್ಲೇ ಹೇಳಿದೆ. ತಡೆದರೆ ಹೇಳುವ ಧೈರ್ಯ ಉಳಿಯುತ್ತಿರಲಿಲ್ಲ. “ನನ್ನಿಂದ ಕೆಟ್ಟಾವ್ರಿ. ದೀಪದ ಮಾತು ಓದದ ದಾಟಿಸಿದ್ದೆ.”

ಇವರು ಮೂರು ಕಪ್ಪು ಗಾಜುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಬೆಳಗಿನ ಮಂಜು, ಮಂಜು ಹರಿದ ಗುಡ್ಡ, ಎಲ್ಲ ಅದರೊಳಗೇ ಹೂತಿತ್ತು. “ತೊಳದು ಇಡು. ಕಿಡಕಿಗೆ ಬರತಾವು,” ಎಂದು ಹಿತ್ತಲಿಗೆ ಹೋಗಿ, ಒಡೆದ ಕಟ್ಟಿಗೆಯನ್ನೇ ಮತ್ತೆ ಒಡೆಯುತ್ತ ನಿಂತರು. ಆ ಏಟುಗಳನ್ನು ನಾನು ಅಡುಗೆಮನೆಯಲ್ಲಿ ನಿಂತು ಎಣಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಕೊಡಲಿ ಗೋಡೆಗೆ ಒರಗಿಸಿ ಒಳಗೆ ಬಂದು ಕೇಳಿದರು, “ಉಳದಾವು ಎಷ್ಟು?”

“ಮೂರು. ಅದರಾಗ ಎರಡು ತುಂಬೂವಾಗ ಕೆಟ್ಟಿರತಾವು.”

“ಒಂದು?”

“ಎಣ್ಣಿ ತೀರಿತ್ತು. ಕತ್ತಲಿದಾಗ ತುಂಬೇನಿ.”

“ಹಂಗಾದ್ರ ಕತ್ತಲಿದಾಗ ತೊಳಿ.”

ಕಂದೀಲನ್ನು ಹೊರಗಿಟ್ಟು, ಎರಡು ಕಂಬಳಿಯ ಮೇಲೆ ಇನ್ನೊಂದು ಹಾಕಿ, ಕುರುಡಿಯ ಹಾಗೆ ತಟ್ಟೆ ತಡಕಿ ತೊಳೆದೆ. ಆಗ ಅತ್ತೆಯ ನೆನಪಾಯಿತು. ಉಪ್ಪಿನ ಭರಣಿ ತಡಕುವ ಆ ಕೈ. ನಾಲ್ಕು, ಐದು ಕಪ್ಪು. ಆರನೆಯದರಲ್ಲಿ ಬಾವಿ ಇತ್ತು, ಕೋಣಗುಡ್ಡ ಇತ್ತು, ಮಾವ ಇರಬೇಕಾದಲ್ಲಿ ಒಂದು ಉದ್ದನೆಯ ಕಪ್ಪು ಮಸಕು ಇತ್ತು. ಪ್ಲೇಟಿನ ಮೇಲೆ ಎಲ್ಲ ತಿರುವುಮುರುವು ತಾನೆ. ಬಿಳಿ ಧೋತರ ಕಪ್ಪು, ಕಪ್ಪು ಗುಡ್ಡ ಬಿಳಿ.

ಇನ್ನೊಂದು ಸಲ ಹೋಗೋಣವೆಂದರೆ ಪ್ಲೇಟು ಇಲ್ಲ. ಕಾಕಾ ಕಾರ್ಡು ಬರೆದರು, ಲಡಾಯಿ ಮುಗಿಯುವ ತನಕ ಕೇಳಬೇಡಿ ಎಂದು. ಇದ್ದ ಒಂದೇ ಹಾಳೆಯ ಮೇಲೆ ಚಿತ್ರ ಅಚ್ಚೊತ್ತಿದೆ. ಮಂದವಾಗಿ, ಬೂದಿಬಣ್ಣಕ್ಕೆ ಬಂತು. ಸಂಕ್ರಾಂತಿ ಕಳೆದ ಮೇಲೆ ಇವರಿಗೆ ರಜೆ ಸಿಕ್ಕಿತು, ಪಾಳಾಕ್ಕೆ ಹೋದೆವು. ಪ್ಲೇಟನ್ನು ಮನೆಯಲ್ಲಿ ಬಿಡಲು ಧೈರ್ಯವಾಗದೆ ನನ್ನ ಎರಡು ಸೀರೆಯ ನಡುವೆ ಸುತ್ತಿಕೊಂಡು ಒಯ್ದಿದ್ದೆ.

ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ದಸರೆಯಿಂದ ಈಚೆಗೆ ಕಣ್ಣು ಇನ್ನೂ ಇಳಿದಿತ್ತು. ಇವರು ಚಿತ್ರವನ್ನು ಕೈಯಲ್ಲಿಟ್ಟು, “ಅವ್ವಾ, ನಿನ್ನ ಗುಡ್ಡಾ ತಂದೇನಿ,” ಎಂದರು.

ಅತ್ತೆ ಅದನ್ನು ಮುಖದ ಹತ್ತಿರ ತಂದರು, ದೂರ ಹಿಡಿದರು. ಬೆರಳಾಡಿಸಿದರು. “ಭಾಳ ಚಂದ ಬಂದೈತಪಾ. ಎಷ್ಟು ತ್ರಾಸ ತಗೊಂಡಿ ನನ್ನ ಸಲುವಾಗಿ,” ಎಂದರು. ಅವರು ಹಿಡಿದದ್ದು ಚಿತ್ರದ ಬೆನ್ನು. ಬರಿಯ ಬಿಳಿ ಹಾಳೆ.

ಇವರು ಎದ್ದು ಬಾಗಿಲಿಗೆ ಹೋಗಿ ಹೊರಗೆ ನೋಡುತ್ತ ನಿಂತರು.

ನನಗೆ ಏನು ತೋಚಿತೋ ತಿಳಿಯದು. ಅತ್ತೆ ಮಾತಾಡುವಾಗಲೆಲ್ಲ ಮುಖವನ್ನು ಕಿಟಕಿಯ ಬಿಸಿಲಿಗೆ ತಿರುಗಿಸುವುದನ್ನು ಗಮನಿಸಿದ್ದೆ. ಗಂಟು ಬಿಚ್ಚಿ ಪ್ಲೇಟು ತೆಗೆದೆ. ಅವರನ್ನು ಮೆಲ್ಲಗೆ ಎಬ್ಬಿಸಿ ಕಿಟಕಿಯ ಹತ್ತಿರ ಕೂರಿಸಿ, ಗಾಜನ್ನು ಬಿಸಿಲಿಗೆ ಎದುರಾಗಿ ಹಿಡಿದೆ. ಬೆಳಕು ಅದರ ಒಳಗಿನಿಂದ ಹಾದು ಅವರ ಮುಖದ ಮೇಲೆ ಬಿತ್ತು.

ಅತ್ತೆ ಮುಖವನ್ನು ಗಾಜಿನ ಹತ್ತಿರ ತಂದರು. ಆಮೇಲೆ, “ತಡಿ. ಉಲ್ಟಾ ಹಿಡದಿ ನೀ. ಕುತಿಗಿ ತಗ್ಗು ಎಡಕ್ಕ ಬರಬೇಕು,” ಎಂದರು.

ನಿಜವಾಗಿಯೂ ಮಗ್ಗುಲು ತಪ್ಪಿ ಹಿಡಿದಿದ್ದೆ. ತಿರುಗಿಸಿ ಹಿಡಿದೆ. ಇವರು ಬಾಗಿಲಿನಿಂದ ಓಡಿಬಂದರು.

“ಹಾಂ. ಹಾಂ, ಇದ.” ಅತ್ತೆಯ ಬೆರಳು ಗಾಜಿನ ಮೇಲೆ ಹೆಗಲನ್ನು ಹತ್ತಿ, ತಗ್ಗಿಗೆ ಇಳಿದು, ತಲೆಯ ಮೇಲೆ ನಿಂತಿತು. “ಎಷ್ಟು ಬೆಳಕು! ಗುಡ್ಡಕ್ಕ ಗುಡ್ಡಾನ ಧಗಧಗ ಅನ್ನಾಕತ್ತೈತಿ. ಮ್ಯಾಲೆ ಆಕಾಶ ಕರ್ರಗ. ಕುಮ್ರಿ ಸುಡಾಕತ್ತಾರೇನಪಾ?”

ಗುಡ್ಡದ ಇಳಿಜಾರಿನ ಗಿಡಮರ ಕಡಿದು, ಒಣಗಿಸಿ, ಮಳೆಗೆ ಮುಂಚೆ ಸುಟ್ಟು, ಆ ಬೂದಿಯಲ್ಲಿ ನಾಚಣಿ, ಅಂದರೆ ರಾಗಿ, ಚೆಲ್ಲುವ ಬೇಸಾಯಕ್ಕೆ ಆ ಸೀಮೆಯಲ್ಲಿ ಕುಮ್ರಿ ಎನ್ನುತ್ತಾರೆ. ಅತ್ತೆಯ ಬಾಲ್ಯದಲ್ಲಿ ಊರಿಗೆ ಊರೇ ಸೇರಿ ಆ ಬೆಂಕಿ ಕಾಯುತ್ತಿತ್ತಂತೆ. ಕೋಣಗುಡ್ಡದ ಮೇಲೆ ಅದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ಕುಮ್ರಿ ಕೂಡದು ಎಂಬ ಗೆರೆಯನ್ನು ಆ ಗುಡ್ಡದ ಸುತ್ತ ನಕ್ಷೆಯಲ್ಲಿ ಪ್ರತಿ ವರ್ಷ ತಿದ್ದಿ ಬರೆಯುತ್ತಿದ್ದವರು ಇವರೇ.

“ಇಲ್ಲಿ ನೋಡು, ಬಾವಿ ಹಂತ್ಯಾಕ ಹೊಗಿ ಎದ್ದೈತಿ,” ಎಂದು ಅತ್ತೆ ಮಾವನ ಮಸಕಿನ ಮೇಲೆ ಬೆರಳಿಟ್ಟರು. “ಆ ಕಡೆ ಬಗ್ಗೇತಿ ಅಂದ್ರ ಗಾಳಿ ಊರ ಕಡೆ ಇಲ್ಲ. ಚಲೋ ಆತು. ಯಾರ್ಯಾರು ಬಂದಾರ ಕಾಯಾಕ?”

ಇವರು ನನ್ನ ಕಡೆ ನೋಡಿದರು. ಆಮೇಲೆ ಅವ್ವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಾವೂ ಗಾಜಿನೊಳಗೆ ನೋಡುತ್ತ ಹೇಳಿದರು:

“ಎಲ್ಲಾರೂ ಬಂದಾರವ್ವಾ.”

“ನಮ್ಮಪ್ಪ?”

“ಹೂಂ. ಮುಂದ ನಿಂತಾನ.”

ಸುಳ್ಳಾಡಿದ ದಿನ ಮೊಣಕಾಲೂರಿ ಕೂರಬೇಕೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಆ ದಿನ ಗಾಜು ಹಿಡಿದ ಕೈ ಸೋತರೂ ಇಳಿಸದೆ, ಬಿಸಿಲು ಕಿಟಕಿಯಿಂದ ಸರಿಯುವ ತನಕ ನಿಂತೇ ಇದ್ದೆ.

ಪ್ಲೇಟು ಅತ್ತೆಯ ಹತ್ತಿರವೇ ಉಳಿಯಿತು. ದಿನಾ ಬಿಸಿಲು ಬರುವ ಹೊತ್ತಿಗೆ ಕಿಟಕಿಯಲ್ಲಿ ಇಡಿಸಿಕೊಳ್ಳುತ್ತಿದ್ದರಂತೆ. ಮಳೆಗಾಲ ಬಂದು ಬಿಸಿಲು ನಿಂತಾಗ ಕಣ್ಣಿನ ಬೆಳಕೂ ನಿಂತಿತು. ಅವರು ಹೋದ ಮೇಲೆ ಅದು ನನ್ನ ಟ್ರಂಕಿಗೆ ಬಂತು. ಕಾಗದದ ಚಿತ್ರ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಆ ಮಡಚುವ ಕ್ಯಾಮೆರಾವನ್ನು ಇವರು ಕೊಳ್ಳಲೇ ಇಲ್ಲ. ಲಡಾಯಿ ಮುಗಿದ ಮೇಲೆ ನಾನೇ ಎರಡು ಸಲ ನೆನಪಿಸಿದೆ. “ಅದರಾಗ ಗುಡ್ಡಾ ಸಣ್ಣದಾಗತೈತಿ ಬಿಡು,” ಎನ್ನುತ್ತಿದ್ದರು. ಈಗ ಅವರೂ ಇಲ್ಲ. ಕೆಲವು ಮಧ್ಯಾಹ್ನ ಯಾವುದಾದರೂ ಡಬ್ಬಿಯ ಮುಚ್ಚಳ ‘ಟಿಕ್’ ಎಂದು ಕೂತರೆ, ಅಂಗಿಯ ತೋಳಿನಿಂದ ಚರ್ಮ ಒರೆಸಿದ ಆ ಕೈ ಕಣ್ಣಿಗೆ ಕಟ್ಟುತ್ತದೆ.

ದಂಡೆಯ ಮೇಲಿನ ಗಂಡ ಹೆಂಡತಿಯ ಜಗಳ ಮುಗಿದಿತ್ತು. ಒಂದೇ ಕ್ಯಾಮೆರಾಕ್ಕೆ ಇಬ್ಬರೂ ಕಣ್ಣು ಕೊಟ್ಟು ನಗುತ್ತಿದ್ದರು. ಗಾಳಿ ನಿಂತು ನೀರು ಕನ್ನಡಿಯಾಯಿತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತೆಂದು ನಾನು ಸೆರಗನ್ನು ತಲೆಯ ಮೇಲಿಂದ ಮುಂದಕ್ಕೆಳೆದು, ಆ ನೆರಳಿನೊಳಗಿನಿಂದ ನೋಡಿದೆ. ಕೋಣಗುಡ್ಡ ನೀರಿನಲ್ಲಿ ತಲೆಕೆಳಗಾಗಿ, ಬಣ್ಣದ ಸಮೇತ ನಿಂತಿತ್ತು. ಹೆಗಲು, ಕುತ್ತಿಗೆಯ ತಗ್ಗು, ಸಣ್ಣ ತಲೆ. ಅದರ ಕೆಳಗೆ ಎಲ್ಲೋ, ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಆ ಹಳ್ಳಿ, ಆ ಬಾವಿ.

ಅಂದು ಬಾವಿ ತಲೆಕೆಳಗಾದದ್ದು ಕಂಡು ಮಾವ ಲಗೂ ಸೀದಾ ಮಾಡಿ ಎಂದಿದ್ದರು. ನಾವು ನಗುತ್ತ ನಿಂತುಬಿಟ್ಟೆವು, ನೀರೆಲ್ಲ ಚೆಲ್ಲಿಹೋಗಿತ್ತು.